ಗುರುವಾರದ ಚಹಾ

ನಮ್ಮಕ್ಕನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಮ್ಮ ಯಜಮಾನರು ತಟ್ಟನೆ ಹೇಳುತ್ತಿದ್ದರು: "ಸರ್ಕಾರದ ಸಂಬಳ ತಗೊಂಡು ಪರದೇಶದವರ ಹತ್ರ ಟೀ ಕುಡಿಯೋದು." ಅವರ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಕೂತವರೆಲ್ಲ ಹೋ ಎಂದು ನಗುತ್ತಿದ್ದರು. ನಾನು ಒಳಗಿನಿಂದಲೇ ಹೊಲಿಗೆ ಯಂತ್ರವನ್ನು ಧಡಧಡ ತುಳಿದು ನನ್ನ ಸಿಟ್ಟು ತೋರಿಸುತ್ತಿದ್ದೆ. ಅಕ್ಕನಿಗೆ ಮಾತ್ರ ಏನೂ ತಾಗುತ್ತಿರಲಿಲ್ಲ. "ಹೌದ್ರೀ ದಂಡನಾಯಕರೇ, ಅದೇ ಕೆಲಸ. ಕೆಲವು ಕಡೆ ಸಕ್ಕರೇನೂ ಹಾಕಲ್ಲ, ಅದನ್ನೂ ನಗ್ತಾ ಕುಡೀಬೇಕು" ಎನ್ನುತ್ತಿದ್ದಳು. ಯುದ್ಧದ ಸುದ್ದಿ ಬಂದಾಗಲೆಲ್ಲ ಅಂಗಡಿಯ ಜಗಲಿಯ ಮೇಲೆ ನಿಂತು ಸೈನ್ಯವನ್ನು ಎಡಕ್ಕೆ ಬಲಕ್ಕೆ ಕಳಿಸುತ್ತಿದ್ದ ನಮ್ಮವರಿಗೆ ಆ ಹೆಸರಿಟ್ಟವಳೂ ಅವಳೇ.

ನಮ್ಮದು ನದಿ ದಂಡೆಯ ಊರು. ಈಚೆ ನಾವು, ಆಚೆ ಬೇರೆ ದೇಶ, ನಡುವೆ ಒಂದು ಕಬ್ಬಿಣದ ಸೇತುವೆ. ಆಚೆ ದಂಡೆಯ ಊರಿನಲ್ಲಿ ನಮ್ಮ ದೇಶದ ಒಂದು ಪುಟ್ಟ ಕಾನ್ಸಲ್ ಕಚೇರಿ ಇತ್ತು. ದೊಡ್ಡ ರಾಯಭಾರ ಕಚೇರಿ ಅವರ ರಾಜಧಾನಿಯಲ್ಲಿ. ಇದು ಅದರ ಮರಿ. ಅಕ್ಕ ಇದರ ಮುಖ್ಯಸ್ಥೆ. ಮುಖ್ಯಸ್ಥೆ ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಬಾಗಿಲಿಗೆ ಹಿತ್ತಾಳೆ ಫಲಕ, ಕಟಕಟೆಗೆ ಓರೆಯಾಗಿ ಕಟ್ಟಿದ ಬಾವುಟ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರು, ಆಚೆಯ ಹುಡುಗನನ್ನು ಕಟ್ಟಿಕೊಂಡು ಕಾಗದಕ್ಕಾಗಿ ಅಲೆಯುವ ಹೆಣ್ಣುಮಕ್ಕಳು, ಕೂಲಿ ಕೊಡದ ಧಣಿಯ ಮೇಲೆ ದೂರು ಹೇಳುವವರು. ಕೆಳಗಿನಿಂದ ಸದಾ ತೊಗಲಿನ ಮತ್ತು ಅಂಟಿನ ವಾಸನೆ. ಹಿಂದಿನ ಎರಡು ಕೋಣೆಗಳಲ್ಲಿ ಅವಳ ಸಂಸಾರ. ಸಂಸಾರ ಅಂದರೆ ಅವಳೊಬ್ಬಳೇ. ಯಾಕೆ ಮದುವೆ ಆಗಲಿಲ್ಲ ಎಂದರೆ, "ಆಗ್ಲೇ ಸೂಟ್‌ಕೇಸನ್ನ ಕಟ್ಕೊಂಡಿದ್ದೆನಲ್ಲ, ಅದು ಸವತೀನ ಒಪ್ಪಲಿಲ್ಲ" ಎನ್ನುವಳು. ಭಾನುವಾರ ಸೇತುವೆ ದಾಟಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು.

ಸಣ್ಣವರಿದ್ದಾಗ ಅಮ್ಮ ಅವಳನ್ನು ಜರಡಿ ಎಂದು ಕರೆಯುತ್ತಿದ್ದಳು. ಅದಕ್ಕೆ ಕಾರಣವಿತ್ತು. ನಮ್ಮ ಅಜ್ಜಿಗೂ ಅಮ್ಮನಿಗೂ ಮಾತು ಬಿಟ್ಟುಹೋಗಿತ್ತು. ಒಂದೇ ಸೂರಿನಡಿ ಇದ್ದರೂ ಹೇಳಬೇಕಾದ್ದನ್ನೆಲ್ಲ ಅಕ್ಕನ ಕೈಲಿ ಹೇಳಿಸುತ್ತಿದ್ದರು. ಅಜ್ಜಿ ಬಾಗಿಲಲ್ಲಿ ನಿಂತು, "ನಿಮ್ಮಮ್ಮಂಗೆ ಹೇಳು, ಆ ಸೋಮಾರಿ ಇವತ್ತೂ ನನ್ನ ಕಂಬಳಿ ಬಿಸಿಲಿಗೆ ಹಾಕಿಲ್ಲ" ಎಂದರೆ, ಅಕ್ಕ ಹಿತ್ತಲಿಗೆ ಹೋಗಿ, "ಅಮ್ಮಾ, ಅಜ್ಜಿಗೆ ರಾತ್ರಿ ಚಳಿಯಾಯ್ತಂತೆ" ಎನ್ನುವಳು. ಅಷ್ಟೇ. ಕಂಬಳಿ ಬಿಸಿಲಿಗೆ ಬೀಳುತ್ತಿತ್ತು. ನಾನು ಹಾಗಲ್ಲಪ್ಪ. ನನ್ನ ಕೈಲಿ ಹೇಳಿ ಕಳಿಸಿದರೆ ಸೋಮಾರಿ ಅನ್ನೋದೂ ಹೋಗಿ ತಲುಪುತ್ತಿತ್ತು, ಜೊತೆಗೆ ನನ್ನದೂ ಎರಡು ಸೇರಿಕೊಳ್ಳುತ್ತಿತ್ತು. ಅದಕ್ಕೇ ಅವಳು ಪರೀಕ್ಷೆ ಬರೆದು ವಿದೇಶಾಂಗ ಇಲಾಖೆಗೆ ಹೋದಳು, ನಾನು ಊರವರ ರವಿಕೆ ಅಳತೆ ತೆಗೆಯುತ್ತಾ ಇಲ್ಲೇ ಉಳಿದೆ.

ದೂರದ ಎರಡು ಮೂರು ದೇಶಗಳಲ್ಲಿ ಕೆಲಸ ಮಾಡಿದ ಮೇಲೆ ಅವಳೇ ಕೇಳಿಕೊಂಡು ಈ ನದಿ ದಂಡೆಗೆ ಬಂದಳು. ದೊಡ್ಡ ಊರುಗಳನ್ನು ಬಿಟ್ಟು ಇಲ್ಲಿಗೆ ಬರುವವರು ಯಾರೂ ಇರಲಿಲ್ಲವಂತೆ, ಇಲಾಖೆಯವರು ಖುಷಿಯಿಂದ ಕಳಿಸಿಕೊಟ್ಟರು. ಬಂದ ಹೊಸದರಲ್ಲೇ ಗುರುವಾರದ ಪದ್ಧತಿ ಶುರು ಮಾಡಿದಳು. ಪ್ರತಿ ಗುರುವಾರ ಮಧ್ಯಾಹ್ನ ಆಚೆ ಊರಿನ ಜಿಲ್ಲಾಧಿಕಾರಿಯ ಕಚೇರಿಗೆ ಹೋಗುವುದು, ಚಹಾ ಕುಡಿಯುವುದು, ಬರುವುದು. ಕೈಯಲ್ಲಿ ಕಾಗದ ಇರಕೂಡದು. ಏನನ್ನೂ ಕೇಳಕೂಡದು, ದೂರು ಹೇಳಕೂಡದು. ಅವರೂ ಅಷ್ಟೇ, ಇವಳಿಂದ ಏನನ್ನೂ ಕೇಳಕೂಡದು. ಗುರುವಾರ ಆಡಿದ ಮಾತನ್ನು ಇಬ್ಬರೂ ಕಡತಕ್ಕೆ ಸೇರಿಸಕೂಡದು.

"ಏನೂ ಕೇಳದೇ ಇರೋಕೆ ಅಷ್ಟು ದೂರ ಯಾಕೆ ಹೋಗ್ಬೇಕೇ? ಇಲ್ಲೇ ಮನೇಲಿ ಕೂತು ಕೇಳದೇ ಇರಬಹುದಲ್ಲ" ಎಂದು ನಾನು ರೇಗಿಸಿದ್ದೆ.

"ಮೊದಲನೇ ಊರಲ್ಲಿ ನಾನು ಕೆಲಸ ಇದ್ದಾಗ ಮಾತ್ರ ಹೋಗ್ತಿದ್ದೆ ಕಣೇ" ಎಂದಳು ಅಕ್ಕ. "ಒಂದಿನ ಅಲ್ಲಿನ ಅಧಿಕಾರಿ ನನ್ನ ಮುಖ ನೋಡಿದ್ದೇ ತಡ, ಸಹಾಯಕನಿಗೆ ತಲೆನೋವಿನ ಮಾತ್ರೆ ತಗೊಂಬಾ ಅಂದ. ನನ್ನ ಮುಖ ಅಂದ್ರೆ ಅವನಿಗೆ ತಲೆನೋವು ಅಂತ ಆಗಿಹೋಗಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಬರತ್ತಾ? ಬಾವೀನ ಮೊದಲೇ ತೋಡಿಟ್ಕೋಬೇಕು."

ಆಚೆಯ ಜಿಲ್ಲಾಧಿಕಾರಿ ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಷ್ಟು ಎತ್ತರದ ಮನುಷ್ಯ. ನಾವಿಬ್ಬರೂ ನಮ್ಮೊಳಗೆ ಅವರನ್ನು ಉದ್ದ ಸಾಹೇಬರು ಎನ್ನುತ್ತಿದ್ದೆವು. ಮೊದಮೊದಲು ಅವರಿಗೂ ಈ ಪದ್ಧತಿ ಗೊಂದಲವೇ. ಒಂದು ಗುರುವಾರ ಕಪ್ಪು ಕೈಗೆ ಕೊಡುತ್ತಲೇ, ನಿಮ್ಮ ಕಡೆಯ ಮೀನುಗಾರರು ನಮ್ಮ ಬಲೆ ಹರಿದುಹಾಕಿದ್ದಾರೆ ಎಂದು ಶುರು ಮಾಡಿದರಂತೆ. ಅಕ್ಕ ಕಪ್ಪು ಕೆಳಗಿಟ್ಟು ಎದ್ದುಬಿಟ್ಟಳು. "ಇದಕ್ಕೆ ನಾಳೆ ಬರ್ತೀನಿ" ಎಂದು ಮೆಟ್ಟಿಲಿಳಿದು ಹೋಗಿ, ಶುಕ್ರವಾರ ಬೆಳಿಗ್ಗೆ ಕಾಗದ ಪೆನ್ನು ಹಿಡಿದು ಹಾಜರಾಗಿ, ಬಲೆಯ ಕಥೆಯನ್ನು ಪೂರ್ತಿ ಕೇಳಿ, ಪರಿಹಾರವನ್ನೂ ಕೊಡಿಸಿದಳು. ಆಮೇಲೆ ಸಾಹೇಬರು ಗುರುವಾರ ತಮ್ಮ ಮಂಡಿನೋವು, ಅತ್ತೆಯ ಬಾಯಿ, ಕುಂಡದಲ್ಲಿ ಬೆಳೆಸಿದ ಟೊಮೇಟೊ, ಇವಿಷ್ಟನ್ನೇ ಮಾತಾಡತೊಡಗಿದರು. ನದಿ ದಂಡೆಯ ನಮಗೆ ಎರಡೂ ಭಾಷೆ ಬರುತ್ತದೆ. ನಾಲ್ಕಾರು ಸಲ ಅಕ್ಕನ ಜೊತೆ ನಾನೂ ಹೋಗಿ ಕೂತಿದ್ದೆ. ನನ್ನ ಬಾಯಿ ಜೋರು ಎಂದು ಅವರಿಗೆ ಮೊದಲ ದಿನವೇ ಗೊತ್ತಾಯಿತು.

ಒಂದು ವರ್ಷ ಈ ಕಚೇರಿಯನ್ನೇ ಮುಚ್ಚಲು ನಮ್ಮ ರಾಜಧಾನಿಯಿಂದ ಇಬ್ಬರು ಬಂದರು. ನಾನು ಅಂದು ಹೊಲಿದ ಪರದೆಗಳನ್ನು ಕಿಟಕಿಗೆ ಸಿಕ್ಕಿಸುತ್ತ ಸ್ಟೂಲಿನ ಮೇಲೆ ನಿಂತಿದ್ದೆ, ಎಲ್ಲ ಕಿವಿಗೆ ಬಿತ್ತು.

"ಈ ವರ್ಷ ಇಲ್ಲಿ ಏನೇನಾಯ್ತು ಮೇಡಂ?" ಎಂದು ಒಬ್ಬ ಕೇಳಿದ.

"ಏನೂ ಆಗಲಿಲ್ಲ" ಎಂದಳು ಅಕ್ಕ.

"ಹೋದ ವರ್ಷ?"

"ಆಗಲೂ ಏನೂ ಆಗದ ಹಾಗೆ ನೋಡ್ಕೊಂಡೆ."

ಅವನು ಇನ್ನೊಬ್ಬನ ಮುಖ ನೋಡಿದ. "ಏನೂ ಆಗದ ಜಾಗಕ್ಕೆ ಕಚೇರಿ ಯಾಕೆ ಬೇಕು?"

"ನಾನು ಬರೋಕೆ ಮುಂಚೆ ಈ ನದೀಲಿ ಪ್ರತಿ ವರ್ಷ ಏನಾಗ್ತಿತ್ತು ಅಂತ ಸೇನೆಯವರನ್ನ ಕೇಳಿ, ಸಾರ್. ಎಷ್ಟು ಮೀನುಗಾರರು ಗುಂಡಿಗೆ ಸತ್ರು, ಅದಕ್ಕೆ ಪ್ರತಿಯಾಗಿ ಎಷ್ಟು ಜನ ಸತ್ರು, ಅವರ ಹತ್ರ ಇರತ್ತೆ. ಕಾವಲುಗಾರ ಇರೋ ಮನೇಲಿ ಕಳ್ಳತನ ಆಗಲಿಲ್ಲ ಅಂತ ಕಾವಲುಗಾರನ್ನೇ ತೆಗೀತಾರಾ?"

ಸ್ಟೂಲಿನ ಮೇಲಿದ್ದ ನಾನು "ಭೇಷ್!" ಎಂದುಬಿಟ್ಟೆ. ಅಕ್ಕ ಕಣ್ಣಲ್ಲೇ ಗದರಿಸಿದಳು. ಬಂದವರು ಕಚೇರಿ ಮುಚ್ಚಲಿಲ್ಲ, ಹಾಗಂತ ಬರಿಗೈಲೂ ಹೋಗಲಿಲ್ಲ. ಬೆರಳಚ್ಚಿನವಳನ್ನೂ ಉಪಾಧಿಕಾರಿಯನ್ನೂ ಕಿತ್ತುಕೊಂಡು ಹೋದರು. ಅಕ್ಕ, ಒಬ್ಬ ಗುಮಾಸ್ತ, ಒಬ್ಬ ಡ್ರೈವರ್, ಇಷ್ಟೇ ಜನ ಉಳಿದರು. ಒಂದು ಫಿರಂಗಿಯ ಬೆಲೆಯಲ್ಲಿ ಇಂಥ ಕಚೇರಿ ನಡೆಸಬಹುದಾದ ವರ್ಷಗಳನ್ನು ಎಣಿಸಿದರೆ ನನಗಂತೂ ತಲೆ ಸುತ್ತುತ್ತದೆ. ಆದರೆ ಫಿರಂಗಿಯನ್ನು ಮೆರವಣಿಗೆಯಲ್ಲಿ ಎಳೆದುಕೊಂಡು ಹೋಗಬಹುದು. ನಮ್ಮಕ್ಕನನ್ನು ಕಪ್ಪು ಸಾಸರಿನ ಸಮೇತ ಎಳೆದುಕೊಂಡು ಹೋದರೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಅಷ್ಟರಲ್ಲಿ ನನ್ನ ಒಬ್ಬನೇ ಮಗ ಗಡಿ ಪಡೆಗೆ ಸೇರಿದ. ಪಹರೆ ದೋಣಿಯಲ್ಲಿ ಕೆಲಸ. ನಮ್ಮವರು ಬೀದಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡಿದರು. ನನಗೆ ಅವನ ನಾಲಿಗೆಯದೇ ಚಿಂತೆ. ಊಟಕ್ಕೆ ಒಂದು ಚಿಟಿಕೆ ಉಪ್ಪು ಕಮ್ಮಿಯಾದರೆ ಪ್ರಪಂಚವೇ ಮುಳುಗಿದಂತೆ ಮುಖ ಮಾಡುವ ಹುಡುಗ, ದಂಡಿನ ಅಡುಗೆಯಲ್ಲಿ ಹೇಗೆ ಬದುಕುತ್ತಾನೋ ಎಂದು. ಅವನು ಅಲ್ಲಿಯೂ ಬಾಯಿ ಮುಚ್ಚಲಿಲ್ಲವಂತೆ. ಅಡುಗೆಯವನ ಹತ್ತಿರ ಜಗಳವಾಡಿ ಉಪ್ಪಿನ ಡಬ್ಬವನ್ನು ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದನಂತೆ. ನನ್ನ ಮಗನಲ್ಲವೇ.

ಆ ವರ್ಷ ಚಳಿಗಾಲದಲ್ಲಿ ದಟ್ಟ ಮಂಜು ಬಿತ್ತು. ಒಂದು ಬುಧವಾರ ಬೆಳಿಗ್ಗೆ ನಮ್ಮವರು ಅಂಗಡಿಯ ರೇಡಿಯೋ ಹಾಕಿದ್ದೇ ಸುದ್ದಿ: ನಮ್ಮ ಪಹರೆ ದೋಣಿಯೊಂದನ್ನು ಆಚೆಯವರು ಯೋಧರ ಸಮೇತ ಅಪಹರಿಸಿದ್ದಾರೆ. ಆಚೆಯ ರೇಡಿಯೋ ತಿರುಗಿಸಿದರೆ ಅದರಲ್ಲಿ, ನೆರೆ ದೇಶದ ಸೈನಿಕರು ನಮ್ಮ ನೆಲಕ್ಕೆ ನುಗ್ಗಿದ್ದಾರೆ ಎಂದು. ಮಂಜಿನಲ್ಲಿ ಎಂಜಿನ್ ಕೆಟ್ಟು ದೋಣಿ ತೇಲಿಕೊಂಡು ಹೋಗಿತ್ತು ಎಂಬುದು ಆಮೇಲೆ ತಿಳಿದ ವಿಷಯ. ಅಂದು ಮಾತ್ರ, ದೋಣಿಯ ಸಂಖ್ಯೆ ಕೇಳಿದ ಕೂಡಲೇ ನಮ್ಮವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಅದು ನಮ್ಮ ಹುಡುಗನ ದೋಣಿ.

ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಅಂಗಡಿಯ ಮುಂದೆ ಸೇರಿತ್ತು. ಸೈನ್ಯದ ಲಾರಿಗಳು ಸಾಲಾಗಿ ದಂಡೆಯ ಕಡೆ ಹೋದವು, ಹಿಂದೆ ಫಿರಂಗಿಗಳು. ನಮ್ಮವರು ಜಗಲಿ ಹತ್ತಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, "ಹಾರಿಸ್ಬೇಕು! ಇನ್ನೂ ಏನು ನೋಡ್ತಾ ಕೂತಿದ್ದಾರೆ? ಆ ದಂಡೇನ ಸುಟ್ಟು ಬೂದಿ ಮಾಡ್ಬೇಕು!" ಎಂದು ಕೂಗುತ್ತಿದ್ದರು. ಜನ ಹೌದು ಹೌದು ಎನ್ನುತ್ತಿದ್ದರು. ನನಗೆ ದಂಡೆಯೂ ಬೇಡ, ದೇಶವೂ ಬೇಡ. ನನ್ನ ಕೂಸು ಉಸಿರಾಡುತ್ತಿದೆಯೇ ಎಂಬುದೊಂದು ಗೊತ್ತಾದರೆ ಸಾಕಿತ್ತು. ಚಪ್ಪಲಿಯನ್ನೂ ಮೆಟ್ಟದೆ ಸೇತುವೆಗೆ ಓಡಿದೆ.

ಸೇತುವೆ ಮುಚ್ಚಿತ್ತು. ಕಾವಲಿನವರ ಮುಂದೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೊನೆಗೆ ಒಬ್ಬ ಪುಣ್ಯಾತ್ಮ ಅಕ್ಕನಿಗೆ ಫೋನು ಮಾಡಿದ. ಅಕ್ಕ ಕಚೇರಿಯ ಕಾರಿನಲ್ಲಿ ಬಂದಳು, ಎರಡೂ ಕಡೆಯ ಕಾವಲಿನವರ ಹತ್ತಿರ ಮೆಲ್ಲಗೆ ಏನೋ ಹೇಳಿದಳು, ನನ್ನ ತೋಳು ಹಿಡಿದು ಕಾರಿನೊಳಗೆ ಕೂರಿಸಿಕೊಂಡಳು. ಅವಳ ಕೈ ಬೆಚ್ಚಗಿತ್ತು.

ಕಚೇರಿಯಲ್ಲಿ ಅವಳಿಗೊಂದು ಆದೇಶ ಬಂದು ಬಿದ್ದಿತ್ತು: ಮುಂದಿನ ಸೂಚನೆ ಬರುವ ತನಕ ಆಚೆಯವರೊಡನೆ ಅಧಿಕೃತ ಭೇಟಿ, ಮಾತುಕತೆ ಬೇಡ. ಅಕ್ಕ ಅದನ್ನು ಓದಿ, ಮಡಿಸಿ, ಬೀರುವಿನಲ್ಲಿಟ್ಟಳು.

"ಹಾಗಾದ್ರೆ ಮುಗೀತಾ?" ಎಂದೆ.

"ಅಧಿಕೃತ ಭೇಟಿ ಬೇಡ ಅಂದಿದ್ದಾರೆ. ನಾಳೆ ಗುರುವಾರ. ಗುರುವಾರದ್ದು ಯಾವತ್ತೇ ಅಧಿಕೃತ ಆಗಿತ್ತು?"

ಆ ರಾತ್ರಿ ಕಳೆದದ್ದು ದೇವರಿಗೇ ಗೊತ್ತು. ಮಾರನೆಯ ದಿನ ಮಧ್ಯಾಹ್ನ ಅಕ್ಕ ಹೊರಟಾಗ ನಾನೂ ಎದ್ದೆ. ಅವಳು ಬಾಗಿಲಲ್ಲಿ ನಿಂತು ನನ್ನನ್ನು ಬಹಳ ಹೊತ್ತು ನೋಡಿದಳು.

"ಬರ್ಬೇಕಾದ್ರೆ ಬಾ. ಆದ್ರೆ ಒಂದು ಮಾತು. ಅಲ್ಲಿ ಅವನ ವಿಷಯ ಎತ್ತಕೂಡದು."

"ಏನೇ ಹೇಳ್ತಿದ್ದೀಯ? ಮಗನ ವಿಷಯ ಕೇಳೋಕೆ ಹೋಗಿ ಮಗನ ವಿಷಯ ಎತ್ತಬಾರದಾ? ನಿನಗೆ ಹೊಟ್ಟೇಲಿ ಹುಟ್ಟಿದ್ದಿದ್ರೆ ಗೊತ್ತಾಗ್ತಿತ್ತು!"

ಆಡಬಾರದ ಮಾತು, ಆಡಿಬಿಟ್ಟೆ. ಅಕ್ಕನ ಮುಖ ಒಂದು ಕ್ಷಣ ಬಿಳುಚಿತು. ಆದರೂ ದನಿ ಏರಿಸಲಿಲ್ಲ.

"ಕೇಳು. ನಾವು ಕೇಳಿದ್ರೆ ಅವರು ಸರ್ಕಾರ ಆಗಿ ಉತ್ತರ ಕೊಡ್ಬೇಕಾಗತ್ತೆ. ಸರ್ಕಾರ ಏನು ಹೇಳತ್ತೆ? ನಮಗೇನೂ ಗೊತ್ತಿಲ್ಲ ಅನ್ನತ್ತೆ. ಅಲ್ಲಿಗೆ ಬಾಗಿಲು ಮುಚ್ಚಿತು. ಕೇಳದೇ ಇದ್ರೆ ಮನುಷ್ಯ ಆಗಿ ಮಾತಾಡಬಹುದು. ನಾನು ಇಷ್ಟು ವರ್ಷ ಆ ಕಹಿ ಟೀ ಕುಡಿದಿದ್ದೇ ಇವತ್ತಿಗೋಸ್ಕರ. ನಿನ್ನ ಬಾಯಿ ಕಟ್ಟೋಕಾಗಲ್ಲ ಅಂದ್ರೆ ಇಲ್ಲೇ ಇರು."

ನಾನು ಹೋದೆ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದುಕೊಂಡು ಹೋದೆ.

ಜಿಲ್ಲಾಧಿಕಾರಿಯ ಕಚೇರಿಯ ಮೆಟ್ಟಿಲ ಮೇಲೆ ಆವತ್ತು ಬಂದೂಕಿನವರು ನಿಂತಿದ್ದರು. ಒಬ್ಬ ತಡೆದ. ಇನ್ನೊಬ್ಬ, ಸ್ವಲ್ಪ ವಯಸ್ಸಾದವನು, "ಬಿಡೋ, ಗುರುವಾರದ ಅಮ್ಮ" ಎಂದ. ನಮ್ಮನ್ನು ಮೇಲಕ್ಕೆ ಬಿಟ್ಟರು. ಉದ್ದ ಸಾಹೇಬರು ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ. ನಮ್ಮನ್ನು ನೋಡಿ ಎದ್ದು ನಿಂತರು. ಎಂದಿನಂತೆ ತಾವೇ ಮೂಲೆಯ ಕರೆಂಟಿನ ಒಲೆಯ ಮೇಲೆ ಕೆಟಲಿಟ್ಟರು. ಅಂಚು ಒಡೆದ ಕಪ್ಪನ್ನು ತಾವಿಟ್ಟುಕೊಂಡು ಒಳ್ಳೆಯ ಎರಡನ್ನು ನಮಗೆ ಕೊಟ್ಟರು.

"ಮಂಡಿ ಹೇಗಿದೆ?" ಎಂದಳು ಅಕ್ಕ.

ಮಂಡಿ! ನನಗೆ ಕಪ್ಪನ್ನು ಗೋಡೆಗೆ ಎಸೆಯಬೇಕು ಎನ್ನಿಸಿತು. ಸಾಹೇಬರು ಮಂಡಿಯ ಸಮಾಚಾರ ಹೇಳಿದರು. ಮಂಜಿಗೆ ನೋವು ಜಾಸ್ತಿಯಂತೆ. ಟೊಮೇಟೊ ಗಿಡಗಳನ್ನು ಒಳಗಿಟ್ಟರಂತೆ. ಅಕ್ಕ ತಲೆದೂಗುತ್ತ ಕೇಳುತ್ತಿದ್ದಳು. ನಾನು ಚಹಾ ಗುಟುಕರಿಸಿದೆ. ಮಾತು ಬೆಳ್ಳಿ ಮೌನ ಬಂಗಾರ ಎಂದು ಗಾದೆ ಮಾಡಿದವನಿಗೆ ಮಕ್ಕಳಿರಲಿಲ್ಲ ಎಂದು ಕಾಣುತ್ತದೆ.

ಅಕ್ಕ ಕಿಟಕಿಯ ಕಡೆ ನೋಡಿ, "ಇವತ್ತು ನದಿ ಖಾಲಿ ಖಾಲಿ ಕಾಣ್ಸತ್ತೆ" ಎಂದಳು.

"ಮೀನುಗಾರರಿಗೆ ನೀರಿಗಿಳೀಬೇಡಿ ಅಂದಿದ್ದೀನಿ" ಎಂದರು ಸಾಹೇಬರು. "ಮಂಜಲ್ಲಿ ಯಾವನಾದ್ರೂ ಅಡ್ಡ ಹೋಗಿ ಗುಂಡಿಗೆ ಸಿಕ್ಕಿದ್ರೆ? ದೋಣಿಗಳನ್ನೆಲ್ಲ ತರಿಸಿ ಒಂದೇ ಕಡೆ ಕಟ್ಟಿಹಾಕಿದ್ದೀನಿ. ಅವರ ಹೆಂಡತಿಯರು ನನಗೆ ಹಾಕ್ತಿರೋ ಶಾಪ ಕೇಳೋಕಾಗಲ್ಲ."

"ಹಾಕಲಿ ಬಿಡಿ, ಗಂಡಂದಿರು ಬದುಕಿರ್ತಾರಲ್ಲ" ಎಂದಳು ಅಕ್ಕ. ಆಮೇಲೆ ತಾನಾಗಿಯೇ, "ನಮ್ಮ ಕಡೆಯವರಿಗೂ ನಿದ್ದೆ ಇಲ್ಲ. ದೋಣಿಗಳು ಒಟ್ಟಿಗೆ ಸೇರಿದ್ದು ಕಂಡ್ರೆ ಏನೇನೋ ಅರ್ಥ ಮಾಡ್ಕೋತಾರೆ" ಎಂದಳು.

ಸಾಹೇಬರು ಕಪ್ಪನ್ನು ತಿರುಗಿಸಿದರು. ಅವರ ಕಣ್ಣು ನನ್ನ ಮುಷ್ಟಿಯ ಮೇಲೆ, ನನ್ನ ಮುಖದ ಮೇಲೆ ಹರಿದಾಡಿತು. ನಾನು ತುಟಿ ಕಚ್ಚಿ ಹಿಡಿದಿದ್ದೆ. ಒಂದು ಹೊತ್ತಾದರೂ ಬಾಯಿ ಮುಚ್ಚದ ಹೆಂಗಸು ಹೀಗೇಕೆ ಕೂತಿದ್ದಾಳೆ ಎಂದು ಅವರಿಗೆ ಅರ್ಥವಾಯಿತೋ ಏನೋ.

"ಮನೇಲಿ ನೆಂಟರಿದ್ದಾಗ ಕಷ್ಟ ನೋಡಿ" ಎಂದರು, ಎಲ್ಲೋ ನೋಡುತ್ತ. "ನಮಗೂ ಮೊನ್ನೆ ಕೆಲವರು ಬಂದಿದ್ದಾರೆ. ಹೇಳದೆ ಕೇಳದೆ. ಒದ್ದೆ ಬಟ್ಟೆ, ಗಡಗಡ ಚಳಿ. ಕಂಬಳಿ ಕೊಡಿಸಿದೆ, ಬಿಸಿ ಸೂಪು ಕೊಡಿಸಿದೆ. ಎಲ್ಲರೂ ಕೈ ಮುಗಿದು ಕುಡಿದ್ರು. ಒಬ್ಬ ಹುಡುಗ ಮಾತ್ರ, ಒಂದು ಗುಟುಕು ಕುಡಿದವನೇ ಮುಖ ಸಿಂಡರಿಸಿ, ಉಪ್ಪು ಸಾಲದು ಅಂದ! ಸೆರೆ ಸಿಕ್ಕವನು! ನಮ್ಮ ಅಡುಗೆಯವನು ಕೆಂಡಾಮಂಡಲ. ಅಲ್ಲಾ, ಹಳೇ ಉಪ್ಪಿನ ಮಳಿಗೇಲಿ ಕೂತ್ಕೊಂಡು ಉಪ್ಪು ಸಾಲದು ಅಂತಾನಲ್ಲ!"

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದು, ಚಹಾ ನೆತ್ತಿಗೇರಿ, ಕೆಮ್ಮುತ್ತ ಕೆಮ್ಮುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನನ್ನ ಮಗ ಬದುಕಿದ್ದ. ಸೂಪು ಕುಡಿದಿದ್ದ. ಜಗಳವನ್ನೂ ಆಡಿದ್ದ. ಅಕ್ಕ ನನ್ನ ಬೆನ್ನು ತಟ್ಟುತ್ತ, "ಅವಳಿಗೆ ಬಿಸಿ ತಡೆಯಲ್ಲ" ಎಂದಳು ಸಾಹೇಬರಿಗೆ. ಅವರು ಎದ್ದು ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟರು. ಕೊಡುವಾಗ ಆ ಎತ್ತರದ ಮನುಷ್ಯ ಬಗ್ಗಿ, ಬರೀ ನನಗೆ ಕೇಳುವಷ್ಟು ಮೆಲ್ಲಗೆ, "ಇವತ್ತು ಉಪ್ಪು ಹಾಕಿಸ್ತೀನಮ್ಮ" ಎಂದರು.

ಅಕ್ಕ ಮೆಟ್ಟಿಲಿಳಿಯುವಾಗ ಎಂದಿನ ನಿಧಾನದಲ್ಲೇ ಇಳಿದಳು. ಕಾರಿನಲ್ಲಿ ಕೂತ ಮೇಲೆ ಡ್ರೈವರಿಗೆ, "ಓಡಿಸಪ್ಪಾ" ಎಂದ ರೀತಿಗೆ ಅವನು ಬೆಚ್ಚಿಬಿದ್ದ. ಕಚೇರಿಗೆ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಂಡು ರಾಜಧಾನಿಗೆ ಫೋನು ಹಚ್ಚಿದಳು. ಬಾಗಿಲಾಚೆಯಿಂದ ನನಗೆ ಅಲ್ಲೊಂದು ಇಲ್ಲೊಂದು ಮಾತು ಕೇಳುತ್ತಿತ್ತು. "ಎಲ್ಲರೂ ಬದುಕಿದ್ದಾರೆ... ಹಳೇ ಉಪ್ಪಿನ ಮಳಿಗೆ... ಹೌದು, ದಂಡೆ ಮೇಲಿರೋದೇ... ದೋಣಿಗಳು ಮೀನುಗಾರರವು, ಅವರೇ ಕಟ್ಟಿಸಿದ್ದು..." ಆಮೇಲೆ, ಹುಟ್ಟಿದಾಗಿನಿಂದ ನಾನು ಕೇಳದಿದ್ದ ದನಿಯಲ್ಲಿ, "ಯಾರು ಹೇಳಿದ್ರು ಅಂತ ಕೇಳ್ಬೇಡ! ನಾನು ಹೇಳ್ತಿದ್ದೀನಿ. ನನ್ನ ಕೈ ಕೆಳಗೆ ಕೆಲಸ ಕಲಿತೋನು ನೀನು, ನಾನು ಯಾವತ್ತಾದ್ರೂ ಗೊತ್ತಿಲ್ಲದ್ದನ್ನ ಗೊತ್ತು ಅಂದಿದ್ದೀನಾ? ಹೋಗು, ಈಗ್ಲೇ ಹೋಗು, ಸೇನೆಯವರ ಕೋಣೆಗೆ ನೀನೇ ಓಡು!" ಆ ತುದಿಯಲ್ಲಿದ್ದವನು ಓಡಿದನಂತೆ. ಅಲ್ಲಿ ಯಾವನೋ ಗುರುತಿಲ್ಲದವನು ಕೂತಿದ್ದರೆ, ಬರಹದಲ್ಲಿ ಕಳಿಸಿ ಮೇಡಂ, ನೋಡೋಣ ಎನ್ನುತ್ತಿದ್ದನೇನೋ.

ಶುಕ್ರವಾರ ಅಧಿಕೃತ ಮಾತುಕತೆಗೆ ಅಪ್ಪಣೆ ಬಂತು. ಅಕ್ಕ ಕಾಗದ, ಪೆನ್ನು, ಮೊಹರು ಎಲ್ಲ ಹಿಡಿದು ಹೋದಳು. ಉದ್ದ ಸಾಹೇಬರು ಗಡ್ಡ ಬೋಳಿಸಿ, ಸರ್ಕಾರವಾಗಿ ಕೂತಿದ್ದರಂತೆ. ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ಕಂಡವರಂತೆ ಮಾತಾಡಿ, ಸಹಿ ಹಾಕಿದರಂತೆ. ಶನಿವಾರ ಬೆಳಿಗ್ಗೆ ಮಂಜು ಕರಗಿತ್ತು. ಸೇತುವೆಯ ಮೇಲೆ ಆ ತುದಿಯಿಂದ ಹುಡುಗರು ನಡೆದುಕೊಂಡು ಬಂದರು, ಅಳತೆಯಲ್ಲದ ಯಾರದೋ ಅಂಗಿಗಳನ್ನು ತೊಟ್ಟುಕೊಂಡು. ನನ್ನ ಮಗನ ತೋಳು ಬೆರಳ ತುದಿಯವರೆಗೆ ಜೋಲುತ್ತಿತ್ತು. ಅದನ್ನು ಮಡಿಸುತ್ತ ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. "ದೊಡ್ಡಮ್ಮಾ, ನೋಡು, ಬಂದ ತಕ್ಷಣ ಶುರು" ಎಂದು ಅವನು ಅಕ್ಕನ ಬೆನ್ನ ಹಿಂದೆ ಅಡಗಿದ.

ಮಾರನೆಯ ದಿನ, ಭಾನುವಾರ, ಅಕ್ಕ ಊಟಕ್ಕೆ ಬಂದಳು. ಮನೆ ತುಂಬ ನಗು. ನಮ್ಮವರು ಮತ್ತೆ ಮೊದಲಿನಂತಾಗಿದ್ದರು. "ಏನೇ ಹೇಳಿ ಅಕ್ಕಾವ್ರೇ, ನಮ್ಮ ಫಿರಂಗಿ ನೋಡಿ ಹೆದರಿ ಬಿಟ್ರು ಅವರು. ಅದಿಲ್ದಿದ್ರೆ ನಿಮ್ಮ ಟೀಗೆ ಯಾರು ಬಗ್ತಿದ್ರು?" ಎಂದು ಕೆಣಕಿದರು.

"ಫಿರಂಗಿ ಇರಲಿ ದಂಡನಾಯಕರೇ, ಬೇಡ ಅಂದೋರ್ಯಾರು?" ಎಂದಳು ಅಕ್ಕ. "ಬಾಗಿಲಿಗೆ ಅಗುಳಿ ಇರಬೇಕು. ಹಾಗಂತ ಅಗುಳಿ ಹತ್ರ ಮಾತಾಡೋಕಾಗಲ್ಲವಲ್ಲ."

ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಸೇನಾಧಿಕಾರಿ ಬಂದು ನಿಂತ. ಬೂಟಿನ ತುಂಬ ದಂಡೆಯ ಕೆಸರು. ತಾನು ಫಿರಂಗಿ ದಳದ ಮೇಜರ್, ಕಾನ್ಸಲ್ ಮೇಡಂ ಇಲ್ಲಿದ್ದಾರೆಂದು ಕೇಳಿ ಬಂದೆ ಎಂದ. ನಮ್ಮವರು ಸಂಭ್ರಮದಿಂದ ಕುರ್ಚಿ ಎಳೆದು ಹಾಕಿದರು; ನಿಜವಾದ ಮೇಜರು ಮನೆಗೆ ಬಂದದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಮೇಜರ್ ಕೂರಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು ಅಕ್ಕನ ಎದುರು ನಿಂತ.

"ನಿಮಗೆ ಇದನ್ನ ಯಾರೂ ಹೇಳಿರಲ್ಲ ಮೇಡಂ. ನಾನೇ ಹೇಳ್ಬೇಕು ಅನ್ನಿಸ್ತು. ಗುರುವಾರ ಕತ್ತಲಾಗೋಕೆ ಮುಂಚೆ ಹಾರಿಸಿ ಅಂತ ನಮಗೆ ಆದೇಶ ಬಂದಿತ್ತು. ದೋಣಿಗಳೆಲ್ಲ ಒಂದೇ ಕಡೆ ಸೇರಿದ್ವಲ್ಲ, ಅಲ್ಲಿಂದ ನಮ್ಮ ಮೇಲೆ ಬರ್ತಾರೆ ಅಂತ ಎಣಿಕೆ. ಗುರಿ ಇಟ್ಟು, ಗುಂಡು ತುಂಬಿಸಿ ನಿಂತಿದ್ವಿ. ಆಗ ಫೋನು ಬಂತು, ನಿಲ್ಲಿಸಿ ಅಂತ."

"ಗುರಿ ಎಲ್ಲಿಗಿತ್ತು ಸಾರ್?" ಎಂದು ನಮ್ಮವರು ಉತ್ಸಾಹದಿಂದ ಕೇಳಿದರು.

"ದಂಡೆ ಮೇಲೆ ಒಂದು ಹಳೇ ಉಪ್ಪಿನ ಮಳಿಗೆ ಇದೆ. ಅದಕ್ಕೇ."

ಅಕ್ಕ ಕಪ್ಪನ್ನು ಕೆಳಗಿಟ್ಟಳು. ಅವಳಿಗೂ ಇದು ಗೊತ್ತಿರಲಿಲ್ಲ. ನಮ್ಮವರು ಎದ್ದು ಒಳಗೆ ಹೋದರು.

ಒಳಗೆ ಮಗ ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಮುಖದ ತುಂಬ ಸೋಪಿನ ನೊರೆ. ನಮ್ಮವರು ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಮ್ಮ ಕೆನ್ನೆಗೆ ಒತ್ತಿಕೊಂಡರು.

"ಅಪ್ಪಾ, ಏನಾಯ್ತು? ನೊರೆ ಅಂಟತ್ತೆ, ಬಿಡಪ್ಪಾ!" ಎಂದ ಹುಡುಗ, ನಗುತ್ತ.

ಅವರು ಬಿಡಲಿಲ್ಲ.